ಗೋಡೆ ನೋಡಬೇಡ, ಅಳತೆ ತಗೋ

ಭಾನುವಾರ, ಜೂನ್ ೧೪

ನನ್ನ ದಾರದುಂಡೆಗೆ,

ಇಲ್ಲಿ ನಾನಿದ್ದೇನೆ, ಊಟ ನಿದ್ದೆ ಹೇಗೋ ನಡೆಯುತ್ತಿದೆ. ನಿನ್ನದೂ ನಡೆಯುತ್ತಿದೆ ಅಂದುಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಮನೆಯಿಂದ ಬಂದವಳು 'ತಲುಪಿದೆ' ಅಂತ ಒಂದು ಮೆಸೇಜು ಹಾಕಿ ಸುಮ್ಮನಾಗಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಬರೆಯಲಿಲ್ಲ ಅಂತಲ್ಲ. ಬರೆದೆ, ಹರಿದೆ. ಮತ್ತೆ ಬರೆದೆ, ಆ ಹಾಳೆಯ ಹಿಂದುಗಡೆ ಯಾರದೋ ಅಡುಗೆಮನೆಯ ಅಳತೆ ಗೀಚಿ ಬಡಗಿಗೆ ಕೊಟ್ಟುಬಿಟ್ಟೆ. ಅವನು ಮುಂದುಗಡೆಯನ್ನೂ ಓದಿದನೋ ಏನೋ ಅಂತ ಆಮೇಲೆ ನನಗೆ ಜೀವದಲ್ಲಿ ಜೀವವಿಲ್ಲ. ಏನೋ ನೆಪ ಹೇಳಿ ಆ ಹಾಳೆ ವಾಪಸ್ ಇಸಿದುಕೊಂಡೆ. "ಏನಮ್ಮಾ, ಆಸ್ತಿ ಪತ್ರ ಕೊಟ್ಟವರ ಥರ ಓಡಿ ಬಂದ್ರಲ್ಲ!" ಅಂತ ನಕ್ಕ. ನನ್ನ ಅಕ್ಷರ ಓದಲು ಬರುವುದು ನಿನ್ನೊಬ್ಬಳಿಗೇ ಅನ್ನುವುದು ನೆನಪಾದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಫೋನು ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನಾನು 'ಹಲೋ' ಅನ್ನುವ ಮುಂಚೆಯೇ ನೀನು "ಅಮ್ಮ, ಸ್ಪೀಕರಲ್ಲಿದ್ದೀಯ" ಅಂತೀಯ. ಅದು ಸುದ್ದಿ ಅಂತ ಬಹಳ ದಿನ ಅಂದುಕೊಂಡಿದ್ದೆ. ಎಚ್ಚರಿಕೆ ಅಂತ ಈಗ ಅನ್ನಿಸುತ್ತದೆ. ಅದಕ್ಕೇ ಇದನ್ನು ಮನೆಗೆ ಹಾಕದೆ ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಹಿಂದುಗಡೆ ನನ್ನ ಹೆಸರು ಬರೆಯುವುದಿಲ್ಲ. ಹೆಸರಿಲ್ಲದ ಕಾಗದ ಯಾಕೆ ಬಂತು ಅಂತ ಅಲ್ಲಿ ಯಾರಾದರೂ ನಿನ್ನನ್ನು ಕೇಳಿದರೆ? ಅದೂ ಒಂದು ಯೋಚನೆ. ಆಗ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಅಂದುಬಿಡು.

ಇಲ್ಲಿಯ ಸುದ್ದಿ ಅಂದರೆ, ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಇನ್ಯಾರೋ ಇಳಿಯುತ್ತಿದ್ದಾರೆ ಅನ್ನುವ ಹಾಗೆ ಸದ್ದು ಮಾಡುತ್ತದೆ. ಮ್ಯಾಗಜೀನು ಬಂತು, ಒಂದು ಪ್ರತಿ ತೆಗೆದಿಟ್ಟಿದ್ದೇನೆ. ನನ್ನ ಫೋಟೋ ಅರ್ಧ ಪುಟ. 'ನಿಮ್ಮ ಸ್ಫೂರ್ತಿ ಏನು?' ಅಂತ ಸಂದರ್ಶನಕ್ಕೆ ಬಂದ ಆ ಹುಡುಗಿ ಕೇಳಿದಾಗ, ನೀನು ಹೇಳಿಕೊಟ್ಟಿದ್ದೆಯಲ್ಲ, "ಬೆಳಕು, ಪ್ರಕೃತಿ ಅಂತ ಹೇಳಮ್ಮ, ಎಲ್ರೂ ಅದೇ ಹೇಳೋದು" ಅಂತ, ಅದನ್ನೇ ಒಪ್ಪಿಸಿದೆ. ಅಚ್ಚಾಗಿದೆ. ಪ್ರಕೃತಿ ಅಂತ ಹೇಳುವವಳ ಬೆನ್ನ ಹಿಂದೆ ಇದ್ದದ್ದು ಪ್ಲಾಸ್ಟಿಕ್ ಗಿಡ, ಅದೂ ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಬಡಗಿ ಆ ಪುಟವನ್ನು ಗುಜರಿ ಅಂಗಡಿಯವನಿಗೂ ತೋರಿಸಿ ಬಂದಿದ್ದಾನೆ.

ನಿಜ ಹೇಳಬೇಕಾಗಿದ್ದರೆ ಆ ಹುಡುಗಿಗೆ ಏನು ಹೇಳುತ್ತಿದ್ದೆ ಅಂತ ಈಗ ಕೂತು ಯೋಚಿಸುತ್ತೇನೆ. ನಮ್ಮಪ್ಪ ಹಾಸಿಗೆ ಹಿಡಿದಾಗ ನನ್ನ ಸ್ಕೂಲು ಬಿಡಿಸಿ ಪರದೆ ಅಂಗಡಿಗೆ ಕಳಿಸಿದರು. ಮನೆ ಮನೆಗೆ ಹೋಗಿ ಕಿಟಕಿಯ ಅಳತೆ ತರುವುದು ಕೆಲಸ. ಮನೆಯೊಡತಿ ಬರುವ ತನಕ ನಿಂತಿರಬೇಕು, ಕೂರಬಾರದು, ಏನನ್ನೂ ಮುಟ್ಟಬಾರದು ಅಂತ ಅಂಗಡಿಯವರ ಆಜ್ಞೆ. ಇನ್ನೇನು ಮಾಡುವುದು, ಗೋಡೆ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಗೋಡೆ ಓದುವುದಕ್ಕೆ ಬಂತು. ಪುಸ್ತಕ ಕೈ ತಪ್ಪಿದವಳಿಗೆ ಅದಾದರೂ ಬಂತಲ್ಲ. ಸ್ವಿಚ್ಚಿನ ಸುತ್ತ ಜಿಡ್ಡು ಹರಡಿದ್ದರೆ ಆ ಮನೆಯವರು ಅವಸರದವರು. ಸೋಫಾದ ಒಂದೇ ತುದಿ ಸವೆದಿದ್ದರೆ ಅಲ್ಲಿ ಯಾರೋ ಬಾಗಿಲು ನೋಡುತ್ತಾ ಕೂರುತ್ತಾರೆ, ಬರಬೇಕಾದವರು ಬಂದಿಲ್ಲ. ಒಂದು ಮನೆಯಲ್ಲಿ ಮಂಚದಿಂದ ಬಚ್ಚಲಿನ ತನಕ ಸೊಂಟದೆತ್ತರಕ್ಕೆ ಉದ್ದಕ್ಕೂ ಮಾಸಲು ಗೆರೆ. ಆ ಗೋಡೆಗೆ ಬೀರು ಕೂರಿಸಬೇಕು ಅಂತಿದ್ದರು. "ಬೀರು ಬೇಡ್ರೀ, ಇಲ್ಲಿ ಯಾರೋ ಗೋಡೆ ಹಿಡ್ಕೊಂಡು ಓಡಾಡ್ತಾರೆ" ಅಂದೆ. ಮನೆಯೊಡತಿ ಒಳಗೆ ಹೋಗಿ ತಮ್ಮ ಅಮ್ಮನನ್ನು ಕೇಳಿದರು. ಮುದುಕಿ ಕಾಲು ಸೋತಿದ್ದನ್ನು ಮಗಳಿಗೆ ಹೇಳಿಯೇ ಇರಲಿಲ್ಲ. ಆಮೇಲಿಂದ ಜನ ನನ್ನನ್ನು ಪರದೆಗೆ ಅಂತಲ್ಲ, ಮನೆಗೆ ಅಂತ ಕರೆಯತೊಡಗಿದರು. ನಕ್ಷೆ ಬರೆಯುವುದನ್ನು ಒಬ್ಬ ಇಂಜಿನಿಯರ್ ಸಾಹೇಬರು ತಾಳ್ಮೆಯಿಂದ ಕಲಿಸಿದರು. ನಕ್ಷೆಯ ಮೇಲಿನ ಇಂಗ್ಲಿಷ್ ಪದಗಳನ್ನು ಬರೆದವಳು ನೀನು, ಯೂನಿಫಾರಂ ಬಿಚ್ಚುವ ಮುಂಚೆಯೇ, ನಾಲಿಗೆ ಹೊರಗೆ ಹಾಕಿಕೊಂಡು. ನೀನು 'ಬಾತ್' ಅಂತ ಬರೆಯುವ ಕಡೆ 'ಬ್ಯಾಟ್' ಅಂತ ಬರೆದು, ಆ ಮನೆಯ ಯಜಮಾನರು "ಕ್ರಿಕೆಟ್ಟಿಗೂ ಒಂದು ರೂಮಾ?" ಅಂತ ಕೇಳಿದ್ದು ನೆನಪಿದೆಯಾ?

ತಡಿ, ಒಲೆ ಆರಿಸಿದೆನಾ ನೋಡಿ ಬರುತ್ತೇನೆ.

ಆರಿಸಿದ್ದೆ. ಎಲ್ಲಿಗೆ ನಿಲ್ಲಿಸಿದೆ? ಹಾಂ. ನಾನು ಮಾಡುವ ಎಲ್ಲ ಮನೆಯಲ್ಲೂ, ಯಾರು ಕೇಳಲಿ ಬಿಡಲಿ, ಒಂದು ಮೂಲೆ ಮಾಡಿಸುತ್ತೇನಲ್ಲ, ಒಬ್ಬರು ಕಾಲು ಮಡಚಿ ಕೂರುವಷ್ಟು, ಬೆನ್ನಿಗೆ ಗೋಡೆ, ಪಕ್ಕಕ್ಕೆ ಬೆಳಕು. ಮ್ಯಾಗಜೀನಿನವರು ಅದಕ್ಕೆ 'ಇವರ ರುಜು' ಅಂತ ಬರೆದಿದ್ದಾರೆ. ನನ್ನ ರುಜು ಅಲ್ಲ ಕಣೇ, ನಿನ್ನದು. ನಿಮ್ಮಪ್ಪ ಹೋದ ಮೇಲೆ ನಿನ್ನನ್ನು ಬಿಡಲು ಜಾಗವಿಲ್ಲದೆ ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೆ. ನೀನು ಬಟ್ಟೆಯ ಸುರುಳಿಗಳಿಗೂ ಗೋಡೆಗೂ ನಡುವೆ ಸಂದು ಮಾಡಿಕೊಂಡು, ದಾರದ ಉಂಡೆಗಳ ನಡುವೆ ನೀನೂ ಒಂದು ಉಂಡೆಯಾಗಿ ಕೂರುತ್ತಿದ್ದೆ. ಹುಡುಕುವುದೇ ಬೇಕಿರಲಿಲ್ಲ. ನೀನಿದ್ದ ಕಡೆ ಪೆನ್ಸಿಲ್ ಗೀಟು, ಹಿಮ್ಮಡಿ ಒರೆಸಿದ ಕಲೆ, ಎಣ್ಣೆ ತಲೆಯ ಮಚ್ಚೆ. "ಇವಳು ಹೋದ ಕಡೆಯೆಲ್ಲ ಮುದ್ರೆ ಒತ್ಕೊಂಡು ಹೋಗ್ತಾಳೆ" ಅಂತ ಅಂಗಡಿಯವರು ಬೈಯುತ್ತಿದ್ದರು. ನನಗೆ ಆ ಮುದ್ರೆ ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಖಾಲಿ ಮನೆಯಲ್ಲಿ ನಿಂತು ಏನೂ ಹೊಳೆಯದಿದ್ದಾಗ, ನೀನಾಗಿದ್ದರೆ ಇಲ್ಲಿ ಎಲ್ಲಿ ಹೋಗಿ ಕೂರುತ್ತಿದ್ದೆ ಅಂತ ನೋಡುತ್ತಿದ್ದೆ. ಅಲ್ಲಿಂದ ಗೆರೆ ಶುರು ಮಾಡಿದರೆ ಮಿಕ್ಕ ಮನೆ ತಾನಾಗಿ ಬರುತ್ತಿತ್ತು. ನನ್ನ ಸ್ಫೂರ್ತಿ ಅಂದರೆ ಇಷ್ಟೇ. ಇದನ್ನು ಆ ಹುಡುಗಿಗೆ ಹೇಗೆ ಹೇಳುವುದು?

ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದರಿಂದಲೇ ಅಲ್ಲವೇ ಆವತ್ತು ನಿನ್ನ ಮನೆಯಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಡುತ್ತಾ, ನನ್ನ ಮುಖ ನೋಡದೆ, "ಅಮ್ಮ, ಗೋಡೆ ಗೀಡೆ ನೋಡ್ಬೇಡ. ಅಳತೆ ತಗೋ, ಸಾಕು" ಅಂದದ್ದು?

ನನಗೆ ನಿನ್ನ ಮನೆಗೆ ಬರುವ ಮನಸ್ಸೇ ಇರಲಿಲ್ಲ ಅಂತಲ್ಲ, ಅಳುಕಿತ್ತು. ಮದುವೆಯಾದ ಮೇಲೆ ನೀನು ಒಮ್ಮೆಯೂ ಬಾ ಅಂದಿರಲಿಲ್ಲ. ಅಳಿಯಂದಿರೇ ಫೋನು ಮಾಡಿ, "ಅತ್ತೆ, ನೀವೀಗ ಫೇಮಸ್ಸು. ನಮ್ಮನೆ ನೀವೇ ಮಾಡ್ಕೊಡ್ಬೇಕು. ಹೊರಗಿನವರನ್ನ ಕರೆಸಿದ್ರೆ ನಿಮಗೇ ಅವಮಾನ" ಅಂದರು. ಎಷ್ಟು ಮರ್ಯಾದಸ್ಥರು. ಸ್ಟೇಷನ್ನಿಗೆ ಬಂದು ನನ್ನ ಚೀಲ ತಾವೇ ಹೊತ್ತರು. ಅವತ್ತು ಸಂಜೆ ಊಟಕ್ಕೆ ಕೂತಾಗ ಎಷ್ಟು ನಗು! ಬೀಗಿತ್ತಿಯವರು ನನಗೆ ಬಡಿಸುತ್ತಾ, "ನಿಮ್ಮ ಮಗಳಿಗೆ ಬಟ್ಟೆ ಒಗೆಯೋ ಹುಚ್ಚು ಕಣ್ರೀ. ದಿನಾ ಮೆಷಿನ್ ಹಾಕ್ತಾಳೆ. ಒಂದು ಟವೆಲ್ ಇದ್ರೂ ಹಾಕ್ತಾಳೆ. ನಿಮ್ಮನೇಲೂ ಹೀಗೇನಾ?" ಅಂದರು. ನಮ್ಮನೆಯಲ್ಲಿ ಮೆಷಿನ್ನೇ ಇರಲಿಲ್ಲ ಅಂದೆ, ಎಲ್ಲರೂ ನಕ್ಕರು. ಅಳಿಯಂದಿರು ಮೇಜಿನ ಅಂಚಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ದೀಪಕ್ಕೆ ಹಿಡಿದು ನೋಡಿ, "ಮೊದ್ಲು ಇವಳು ಹೋದ ಕಡೆಯೆಲ್ಲ ಗುರುತು ಬಿಡ್ತಿದ್ಲು ಅತ್ತೆ. ನನಗೆ ಮನೆ ಅಂದ್ರೆ ಒಳ್ಳೆ ಹೋಟೆಲ್ ರೂಮ್ ಥರ ಇರ್ಬೇಕು. ಈಗ ಪರ್ವಾಗಿಲ್ಲ, ಕಲ್ತಿದ್ದಾಳೆ" ಅಂದರು. ನೀನೂ ನಕ್ಕೆ. ನಾನೂ ನಕ್ಕೆ.

ಮರುದಿನ ನೀವಿಬ್ಬರೂ ಕೆಲಸಕ್ಕೆ ಹೋದಿರಿ, ಬೀಗಿತ್ತಿಯವರು ವಾಕಿಂಗಿಗೆ ಹೋದರು. ನಾನು ಟೇಪು ಹಿಡಿದು ನಿಂತೆ. ನೋಡಬಾರದು ಅಂತಲೇ ನಿಂತೆ, ನಿನ್ನಾಣೆ. ಆದರೆ ಟೇಪನ್ನು ಗೋಡೆಗೆ ಹಿಡಿದು ಕಣ್ಣು ಮುಚ್ಚಿಕೊಳ್ಳಲು ಆಗುತ್ತದೆಯೇ? ಸೋಫಾದ ಮೇಲೆ ಅಳಿಯಂದಿರು ತಲೆ ಒರಗಿಸಿದ ಜಿಡ್ಡಿನ ಹೊಳಪು, ಪಕ್ಕದ ಮೇಜಿನಲ್ಲಿ ಅವರ ಲೋಟದ ಉಂಗುರಗಳು. ಕಿಟಕಿಯ ಹತ್ತಿರ ಬೀಗಿತ್ತಿಯವರು ಬೀದಿ ನೋಡುತ್ತಾ ಒರಗುವ ಜಾಗ, ಬಾಗಿಲ ಚೌಕಟ್ಟಿನಲ್ಲಿ ಅವರ ಕೈಯ ಗುರುತು. ಕೆಲಸದವಳ ಬಕೆಟ್ಟಿನ ಗುರುತು ಕೂಡ ನೆಲದ ಮೇಲಿತ್ತು. ನೀನು ಮಾತ್ರ ಇರಲಿಲ್ಲ. ಊಟದ ಮೇಜಿನಲ್ಲಿ ಎಲ್ಲ ಕುರ್ಚಿಯ ಬಟ್ಟೆಯೂ ಸವೆದಿದೆ, ನಿನ್ನದು ಅಂಗಡಿಯಿಂದ ಈಗ ತಂದ ಹಾಗಿದೆ. ಮಂಚದ ನಿನ್ನ ಪಕ್ಕದ ಗೋಡೆ ಬೆಳ್ಳಗೆ. ಕನ್ನಡಿ, ಬೀರಿನ ಹಿಡಿ, ಸ್ವಿಚ್ಚು, ಎಲ್ಲೂ ಇಲ್ಲ. ಇಷ್ಟು ವರ್ಷ ಒಬ್ಬಳು ಹೆಂಗಸು ಇದ್ದ ಮನೆಯಲ್ಲಿ ಅವಳು ಎಲ್ಲೂ ಇಲ್ಲದೆ ಇರುವುದು ಹೇಗೆ ಸಾಧ್ಯ ಅಂತ ತಲೆ ಚಿಟ್ಟು ಹಿಡಿಯಿತು. ಸಿಂಕಿನ ಕೆಳಗೆ ಕೈ ಹಾಕಿದಾಗ ಗೊತ್ತಾಯಿತು. ಗೋಡೆಯ ಕಲೆ ತೆಗೆಯುವ ಬಿಳಿ ಸ್ಪಂಜುಗಳು, ಸವೆದು ಸವೆದು ಹಲ್ಲಿನಷ್ಟಾಗಿ, ಒಂದು ಡಬ್ಬಿ ತುಂಬ. ಎಸೆಯುವುದಕ್ಕೂ ಹೆದರಿ ಮುಚ್ಚಿಟ್ಟ ಹಾಗಿತ್ತು.

ಕೊನೆಗೆ ಹಿಂದಿನ ಬಾಲ್ಕನಿಗೆ ಹೋದೆ. ಮೆಷಿನ್ನಿನ ಹಿಂದೆ ಪೈಪು ಮುಚ್ಚಲು ಕಟ್ಟಿದ ಸಣ್ಣ ಕಟ್ಟೆ ಇತ್ತಲ್ಲ, ಅದರ ಅಂಚು ನುಣ್ಣಗಾಗಿತ್ತು. ಅದರ ಮೇಲೆ ಗೋಡೆಯಲ್ಲಿ ಅಂಗೈಯಗಲ ಎಣ್ಣೆ ಮಚ್ಚೆ. ಎದುರು ಗೋಡೆಯಲ್ಲಿ, ಕೆಳಗೆ, ಕಾಲಿನ ಹೆಬ್ಬೆರಳುಗಳನ್ನು ಊರಿದ ಗುರುತು. ಸಿಕ್ಕಿದೆಯಲ್ಲೇ ಅಂತ ಒಂದು ಗಳಿಗೆ ಖುಷಿಯೇ ಆಯಿತು, ಕಳೆದುಹೋದ ಮಗು ಸಿಕ್ಕಿದ ಹಾಗೆ. ಮಂಡಿ ನೋವಿದ್ದರೂ ಮೈ ಮುದುರಿಕೊಂಡು ಅಲ್ಲಿ ಕೂತು ನೋಡಿದೆ. ಬೆಳಕಿಲ್ಲ. ಕಾಣುವುದು ಪಕ್ಕದ ಕಟ್ಟಡದ ಕೊಳಾಯಿ. ಇಲ್ಲಿ ಯಾಕೆ ಕೂರುತ್ತಾಳೆ ಅಂತ ಯೋಚಿಸುತ್ತಾ, ಬೀಗಿತ್ತಿಯವರ ಮಾತು ನೆನಪಾಗಿ, ಖಾಲಿ ಮೆಷಿನ್ ಹಾಕಿದೆ. ಅದು ತಿರುಗತೊಡಗಿದ ಮೇಲೆ ಬಾಯಿಬಿಟ್ಟು ನಿನ್ನ ಹೆಸರು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಆಮೇಲೆ ನಾನು ಟೇಪು ಸುತ್ತಿ ಒಳಗೆ ಬಂದು ಕೂತೆ. ಸಂಜೆ ನೀನು ಬಂದು "ಅಳತೆ ಆಯ್ತಾ?" ಅಂದೆ. "ಆಯ್ತು" ಅಂದೆ ನಾನು. ನೀನು ನನ್ನ ಕಣ್ಣನ್ನೇ ನೋಡಿದೆ. ನಾನು ಟೇಪನ್ನು ಚೀಲಕ್ಕೆ ಹಾಕುವ ಹಾಗೆ ಬಗ್ಗಿದೆ. ಕೇಳಬೇಕಿತ್ತು. ಬಾಯಿಗೆ ಬಂದದ್ದು "ಬಚ್ಚಲಿಗೆ ಯಾವ ಬಣ್ಣ ಹಾಕ್ಸೋಣ?" ಅಂತ.

ಊರಿಗೆ ಬಂದು ನಕ್ಷೆ ಬರೆದೆ. ಆ ಬಾಲ್ಕನಿ ಒಡೆದು ಗಾಜು ಹಾಕಿ ಹಾಲಿಗೆ ಸೇರಿಸಬೇಕು ಅನ್ನುವುದೇ ಅಳಿಯಂದಿರ ಮುಖ್ಯ ಆಸೆ. ಸೇರಿಸಿದೆ. ಆದರೆ ಆ ಕಟ್ಟೆ ಉಳಿಸಿಕೊಂಡೆ, ಸ್ವಲ್ಪ ಅಗಲ ಮಾಡಿ, ಮೇಲೊಂದು ಸಣ್ಣ ಕಿಟಕಿ ಇಟ್ಟೆ. ನಾನು ಇಷ್ಟು ವರ್ಷ ಮಾಡಿದ ಮೂಲೆಗಳಲ್ಲೆಲ್ಲ ಅದೇ ಚೆನ್ನಾಗಿ ಬಂದಿತ್ತು. ವೀಡಿಯೊ ಕಾಲಿನಲ್ಲಿ ನಕ್ಷೆ ಎತ್ತಿ ಹಿಡಿದಾಗ ನಡೆದದ್ದನ್ನು ನಿನಗೆ ಯಾಕೆ ಹೇಳಲಿ, ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ, ನನ್ನ ತಲೆಯಿಂದ ಇಳಿಯಲಿ.

"ಅತ್ತೆ, ಇದೇನು ಕಟ್ಟೆ ಉಳ್ಸಿದ್ದೀರಲ್ಲ? ಇದು ಹೋಗ್ಬೇಕು" ಅಂದರು.

"ಒಬ್ರು ಕೂರೋದಕ್ಕೆ ಅಂತ..."

"ಯಾರು ಕೂರ್ತಾರೆ ಅಲ್ಲಿ?" ನಿನ್ನ ಕಡೆ ತಿರುಗಿ, "ನೀನು ಕೂರ್ತೀಯೇನೇ?"

"ನಾನ್ಯಾಕಪ್ಪ ಅಲ್ಲಿ ಕೂರ್ಲಿ" ಅಂದೆ ನೀನು. "ತೆಗೆದ್ಬಿಡಮ್ಮ."

ನಾನು ರಬ್ಬರು ತೆಗೆದುಕೊಂಡು ನಿಮ್ಮ ಕಣ್ಣೆದುರೇ ಅಳಿಸಿದೆ. ಅಳಿಸುವಾಗ ನಿನ್ನ ಮುಖ ನೋಡಿದೆ. ಸ್ವಲ್ಪವೂ ಅಲುಗಲಿಲ್ಲ. ನೆಟ್‌ವರ್ಕ್ ನಿಂತಿರಬೇಕು ಅಂದುಕೊಂಡೆ. ನಿಂತಿರಲಿಲ್ಲ, ಪಕ್ಕದಲ್ಲಿ ಅಳಿಯಂದಿರು ಕಾಫಿ ಕುಡಿಯುತ್ತಿದ್ದರು.

ಮೊನ್ನೆ ಅವರು ಫೋಟೋ ಕಳಿಸಿದ್ದಾರೆ. ಕಟ್ಟೆ ಒಡೆದಾಗಿದೆ. ಎಲ್ಲ ಗಾಜು. ಎಲ್ಲಿ ನಿಂತರೂ ಎಲ್ಲ ಕಾಣುತ್ತದೆ. ಮೆಷಿನ್ ಅಡುಗೆಮನೆಗೆ ಬಂದಿದೆ, ಸದ್ದು ಮಾಡದ ಹೊಸ ಜಾತಿಯದಂತೆ. 'ಸೂಪರ್ ಅತ್ತೆ' ಅಂತ ಬರೆದಿದ್ದಾರೆ. ನಾನು ಕೈ ಮುಗಿಯುವ ಗೊಂಬೆ ಕಳಿಸಿದೆ. ಇನ್ನೇನು ಕಳಿಸಲಿ?

ಅಳಿಯಂದಿರನ್ನು ಕೆಟ್ಟವರು ಅನ್ನಲು ನನ್ನ ಹತ್ತಿರ ಒಂದು ಮಾತೂ ಇಲ್ಲ. ಅವರು ಕೂಗಾಡಲಿಲ್ಲ. ನನ್ನನ್ನು ಒಂದು ದಿನವೂ ಹಗುರವಾಗಿ ನೋಡಲಿಲ್ಲ. ಯಾರ ಹತ್ತಿರ ಹೋಗಿ ಏನಂತ ಹೇಳಲಿ, ನನ್ನ ಮಗಳ ಎಣ್ಣೆ ಕಲೆ ಗೋಡೆಯ ಮೇಲಿಲ್ಲ ಅಂತಲೇ? ಬಡಗಿಯ ಹೆಂಡತಿಯ ಹತ್ತಿರ ಸುಮ್ಮನೆ ಯಾರದೋ ಕಥೆಯ ಹಾಗೆ ಹೇಳಿ ನೋಡಿದೆ. "ಅಯ್ಯೋ, ಎಷ್ಟು ಚೊಕ್ಕಟ ಹುಡುಗಿ! ನನ್ನ ಸೊಸೆಗೂ ಸ್ವಲ್ಪ ಬುದ್ಧಿ ಹೇಳಿ" ಅಂದಳು.

ಈಗ ನನಗೆ ಕೆಲಸ ಬರುತ್ತಿಲ್ಲ. ಗಿರಾಕಿಗಳು ಬರುತ್ತಾರೆ, ಮ್ಯಾಗಜೀನು ನೋಡಿ ಇನ್ನೂ ಜಾಸ್ತಿ ಬರುತ್ತಾರೆ, ಕೈಗೆ ಕೆಲಸ ಬರುತ್ತಿಲ್ಲ. ಒಬ್ಬ ಡಾಕ್ಟರ ಹೊಸ ಮನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ನಿಂತಿದ್ದೆ. ನೀನಾಗಿದ್ದರೆ ಎಲ್ಲಿ ಕೂರುತ್ತಿದ್ದೆ ಅಂತ ಹುಡುಕುತ್ತೇನೆ, ನೀನು ಬರುವುದೇ ಇಲ್ಲ. ಗೋಡೆ ಬರೀ ಗೋಡೆಯಾಗಿ ನಿಂತಿದೆ. "ಮೂಲೆ ಎಲ್ಲಿಡೋಣಮ್ಮ?" ಅಂತ ಬಡಗಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕಾದ. "ಈ ಮನೆಗೆ ಬೇಡ ಬಿಡಪ್ಪ" ಅಂದೆ. ಅವನು ನನ್ನ ಮುಖ ನೋಡಿ, ಜ್ವರ ಬಂದಿದೆಯಾ ಅಂತ ಕೇಳಿದ. ಬೆಳಕು, ಪ್ರಕೃತಿ ಅಂತ ಮ್ಯಾಗಜೀನಿನಲ್ಲಿ ಅಚ್ಚಾದದ್ದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಸೂರ್ಯ ಯಾರ ಮನೆಗೂ ಸೊಸೆಯಾಗಿ ಹೋಗುವುದಿಲ್ಲ.

ನೀನು ಹೇಗಿದ್ದೀಯ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಅಂತೀಯ, ಆಮೇಲೆ ನನಗೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಬಾ ಅಂತ ಬರೆಯೋಣ ಅಂದರೆ ಆ ಒಂದು ಅಕ್ಷರ ಯಾರ ಕಣ್ಣಿಗೆ ಬಿದ್ದು ನಿನಗೆ ಏನಾಗುತ್ತದೋ ಅಂತ ಪೆನ್ನು ಕೆಳಗಿಡುತ್ತೇನೆ. ಬರೆದುಬಿಟ್ಟೆ ನೋಡು. ಬಾ. ಇದನ್ನು ಓದಿ ಹರಿದು, ಆಫೀಸಿನ ಬುಟ್ಟಿಗೂ ಹಾಕಬೇಡ, ಹೊರಗೆಲ್ಲಾದರೂ ಹಾಕು. ಉತ್ತರ ಬರೆಯಲು ಆಗದಿದ್ದರೆ ಬಿಡು. ಬರಲು ಆಗದಿದ್ದರೂ... ಬಿಡು ಅಂತ ಬರೆಯಲು ಆಗುತ್ತಿಲ್ಲ.

ನೀನು ಕೂತ ಕಡೆ ನಿನ್ನ ಮೈಯ ಬಿಸಿ ಉಳಿಯಲಿ. ನೀನು ಕೈ ಇಟ್ಟ ಕಡೆ ನಿನ್ನ ಕೈಯ ಗುರುತು ನಿಲ್ಲಲಿ. ಹೊಟ್ಟೆ ತುಂಬ ಉಣ್ಣು, ನಿದ್ದೆ ಮಾಡು. ನನ್ನ ಆಯಸ್ಸಿನಲ್ಲಿ ಮಿಕ್ಕದ್ದೆಲ್ಲ ನಿನಗೆ.

ಇಂತಿ,
ನಿನ್ನ ಅಮ್ಮ

ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಬಾರದು ಅಂತಲೇ ಇಷ್ಟು ಪುಟ ತುಂಬಿಸಿದೆ.

ನಾನು ಹೊರಡುವ ದಿನ ಲಿಫ್ಟಿನ ಹತ್ತಿರ ನಿಮ್ಮ ಎದುರು ಮನೆಯ ಹೆಂಗಸು ಸಿಕ್ಕಿದರಲ್ಲ. "ಯಾರು, ನೆಂಟ್ರಾ?" ಅಂತ ಕೇಳಿದರು. ನೀನು, "ಇಲ್ಲ, ನಮ್ಮ ಡಿಸೈನರ್. ಮನೆ ನೋಡೋಕೆ ಬಂದಿದ್ರು" ಅಂದೆ. ಬಂದಿದ್ರು ಅಂದೆ. ಮಾತು ಕಲಿತಾಗಿನಿಂದ ನೀನು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ನಾನು ಹೊರಗಿನವಳ ಹಾಗೆಯೇ ತಲೆ ಬಾಗಿಸಿ ನಕ್ಕೆ. ಅಳಿಯಂದಿರು ಅಲ್ಲಿರಲಿಲ್ಲ. ಬೀಗಿತ್ತಿಯವರೂ ಇರಲಿಲ್ಲ. ಆ ಹೆಂಗಸು, ನೀನು, ನಾನು, ಅಷ್ಟೇ. ಗುರುತು ಒರೆಸು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.

ನನ್ನ ಚಪ್ಪಲಿ ಹಳೆಯದು, ನನ್ನ ಇಂಗ್ಲಿಷು ಒಡಕು, ಅವರ ಮುಂದೆ ನಿನಗೆ ನನ್ನಿಂದ ನಾಚಿಕೆಯಾಯಿತು, ಅದಕ್ಕೇ ಹಾಗಂದೆ ಅಂತ ಒಂದು ಸಾಲು ಬರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ನಿನ್ನ ಮೇಲಾಣೆ. ನಾಚಿಕೆ ಅಂತಲೇ ಬರೆ ಮಗಳೇ. ಇನ್ನೊಂದು ಕಾರಣ ಯೋಚಿಸಿಕೊಂಡು ನನಗೆ ಇಲ್ಲಿ ಬದುಕುವುದಕ್ಕೆ ಆಗುತ್ತಿಲ್ಲ.